ಹಳೆಯ ಮನೆಯ ಮರದಿಂದ ಹೊಸ ಮನೆಯ ಪೀಠೋಪಕರಣ

ಊರಿನಲ್ಲಿ ಯಾರಾದರೂ ಹಳೆಯ ಮನೆ ಕೆಡವುತ್ತಾರೆಂಬ ಸುದ್ದಿ ಹರಡಿದರೆ ಮೊದಲು ಬಂದು ಅಂಗಳದಲ್ಲಿ ನಿಲ್ಲುವವನು ಸೌದೆ ವ್ಯಾಪಾರಿ. ತೊಲೆ, ಜಂತೆ, ಕಂಬ, ಬಾಗಿಲು, ಕಿಟಕಿಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ, ಒಟ್ಟು ರಾಶಿಗೆ ಇಷ್ಟು ಎಂದು ಬೆಲೆ ಹೇಳುತ್ತಾನೆ. ಹೊಸ ಮನೆಯ ಖರ್ಚಿನ ಚಿಂತೆಯಲ್ಲಿರುವ ಯಜಮಾನರಿಗೆ ಆ ಹಣ ದೊಡ್ಡದಾಗಿಯೇ ಕಾಣುತ್ತದೆ. ಅಂಗಳ ಖಾಲಿಯಾದರೆ ಸಾಕು ಎನ್ನಿಸುತ್ತದೆ. ಕೆಲವು ತಿಂಗಳ ನಂತರ ಗೃಹಪ್ರವೇಶಕ್ಕೆ ಬರುವ ನೆಂಟರನ್ನು ಕೂರಿಸಲು ಪೇಟೆಯಿಂದ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಮಂಚ, ಮೇಜುಗಳು ಬರುತ್ತವೆ. ಮಾರಿದ ಮರವಾದರೋ ಅಷ್ಟರಲ್ಲಿ ಇಟ್ಟಿಗೆ ಗೂಡಿನಲ್ಲಿ ಬೂದಿಯಾಗಿರುತ್ತದೆ, ಇಲ್ಲವೇ ಪೇಟೆಯ ಹಳೇ ಮರದ ಅಂಗಡಿಯಲ್ಲಿ ತುಂಡಿಗೆ ಇಷ್ಟೆಂದು ಬೇರೆಯೇ ಬೆಲೆ ಹೊತ್ತು ನಿಂತಿರುತ್ತದೆ.

ಈ ತಪ್ಪನ್ನು ನಾವೂ ಅರ್ಧ ಮಾಡಿದವರೇ. ತಿಪಟೂರು ತಾಲ್ಲೂಕಿನ ನಮ್ಮ ಊರಿನಲ್ಲಿ ತಾತನ ಕಾಲದ ಮಾಳಿಗೆ ಮನೆಯನ್ನು ಎರಡು ಹಂತದಲ್ಲಿ ಕೆಡವಿದೆವು. ಮೊದಲು ಹಿತ್ತಿಲ ಕಡೆಯ ಅಂಕಣಗಳನ್ನು ಕೆಡವಿದಾಗ ಬಂದ ಮರವನ್ನು ಸೌದೆಯವನಿಗೆ ಕೊಡಲಿಲ್ಲ ನಿಜ, ಆದರೆ ಬೇಲಿಯ ಪಕ್ಕ ನೆಲದ ಮೇಲೆಯೇ ರಾಶಿ ಹಾಕಿ, ಮೇಲೊಂದಿಷ್ಟು ತೆಂಗಿನ ಗರಿ ಹೊದಿಸಿ, ಬಿಡುವಾದಾಗ ನೋಡೋಣ ಎಂದು ಮರೆತೆವು. ಮುಂಗಾರು ಕಳೆದು ದಸರೆಯ ಹೊತ್ತಿಗೆ ಗರಿ ಸರಿಸಿದರೆ ಕೆಳಗಿನ ಎರಡು ಸಾಲು ಗೆದ್ದಲಿನ ಪಾಲಾಗಿತ್ತು. ಮಾವಿನ ಹಲಗೆಗಳು ಕೈಯಲ್ಲಿ ಪುಡಿಯಾದವು. ಒಂದು ಹಲಸಿನ ತೊಲೆಯ ಹೊರಮೈ ತಿಂದುಹೋಗಿ ತಿರುಳು ಮಾತ್ರ ಉಳಿದಿತ್ತು. ಎರಡನೆಯ ಸಲ ಮುಂಭಾಗವನ್ನು ಕೆಡವಿದಾಗ ಎಚ್ಚರಿಕೆ ವಹಿಸಿದೆವು. ಆ ಮರದಲ್ಲಿ ಮೂರು ಬೆಂಚು, ಒಂದು ಊಟದ ಮೇಜು, ಎರಡು ಮಂಚ, ಅಡಿಗೆ ಮನೆಯ ಗೂಡುಗಳ ಹಲಗೆ ಇಷ್ಟೂ ಆದವು. ಎರಡು ಸಲದ ಮರವೂ ಒಂದೇ ಮನೆಯದು, ಒಂದೇ ವಯಸ್ಸಿನದು. ಮೊದಲ ಹದಿನೈದು ದಿನ ಅದನ್ನು ನೋಡಿಕೊಂಡ ರೀತಿ ಮಾತ್ರ ಬೇರೆ.

ಹಳೆಯ ಮರದ ಬೆಲೆ ಎಲ್ಲಿದೆ?

ಹಸಿ ಮರ ಒಣಗುವಾಗ ಕುಗ್ಗುತ್ತದೆ. ಉದ್ದದಲ್ಲಿ ಅದು ಲೆಕ್ಕಕ್ಕೆ ಬರುವಷ್ಟಿಲ್ಲ, ಅಗಲದಲ್ಲಿ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಜೊತೆ ಸುತ್ತುವ ದಿಕ್ಕಿನ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನದರ ಸುಮಾರು ಎರಡರಷ್ಟು. ಈ ವ್ಯತ್ಯಾಸದಿಂದಲೇ ಹಲಗೆ ದೋಣಿಯಂತೆ ಬಾಗುವುದು, ಬಾಗಿಲು ಚೌಕಟ್ಟಿನಲ್ಲಿ ಕೂರದಿರುವುದು. ಒಂದು ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಒಂದು ವರ್ಷ ಬೇಕೆಂಬುದು ಬಡಗಿಗಳ ರೂಢಿಯ ಲೆಕ್ಕ. ಐವತ್ತು ಅರವತ್ತು ವರ್ಷ ಮಾಳಿಗೆಯ ಕೆಳಗೆ ಗಾಳಿಯಾಡಿಕೊಂಡು ಕುಳಿತ ಜಂತೆಗೆ ಇದೆಲ್ಲ ಎಂದೋ ಆಗಿಹೋಗಿದೆ. ಬಾಗುವುದಿದ್ದರೆ ಬಾಗಿ, ಸೀಳುವುದಿದ್ದರೆ ಸೀಳಿ, ಈಗ ತನ್ನ ಸ್ಥಿತಿಯಲ್ಲಿ ನಿಂತಿದೆ. ಹೊಸದಾಗಿ ಕೊಂಡ ಮರದಲ್ಲಿ ಈ ಭರವಸೆ ಸಿಗುವುದು ಕಷ್ಟ.

ಆದರೂ ಒಂದು ಮಾತು ನೆನಪಿಡಬೇಕು. ದಪ್ಪ ತೊಲೆಯನ್ನು ಸೀಳಿದಾಗ ಒಳಮೈ ಮೊದಲ ಬಾರಿಗೆ ಗಾಳಿಗೆ ತೆರೆದುಕೊಳ್ಳುತ್ತದೆ. ಸೀಳಿದ ಹಲಗೆಗಳನ್ನು ಎರಡು ಮೂರು ವಾರ ನೆರಳಿನಲ್ಲಿ ಒಟ್ಟಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುವುದು ಲೇಸು.

ಕೆಡವುವ ದಿನದ ಕೆಲಸ

ಈಗ ಜೆ.ಸಿ.ಬಿ. ತರಿಸಿ ಒಂದೆರಡು ಗಂಟೆಯಲ್ಲಿ ಮನೆ ನೆಲಸಮ ಮಾಡುವುದು ರೂಢಿಯಾಗಿದೆ. ಗೋಡೆಗೆ ಅದು ಆದೀತು, ಮೇಲ್ಛಾವಣಿಗೆ ಬೇಡ. ಮಾಳಿಗೆಯ ಮಣ್ಣಿನ ಭಾರದೊಡನೆ ಮೇಲಿನಿಂದ ಬಿದ್ದ ಜಂತೆ ಉದ್ದಕ್ಕೆ ಸೀಳುತ್ತದೆ. ಆ ಸೀಳು ಹೊರಗೆ ಕಾಣದೆ ಉಳಿದು, ಮಂಚದ ಪಟ್ಟಿಯಾದ ಮೇಲೆ ಒಂದು ರಾತ್ರಿ ಸದ್ದು ಮಾಡುತ್ತದೆ. ಮೊದಲು ಮಾಳಿಗೆಯ ಮಣ್ಣನ್ನು ಪುಟ್ಟಿಯಲ್ಲಿ ತುಂಬಿ ಇಳಿಸಿ, ನಂತರ ಜಂತೆಗಳನ್ನು ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಬೇಕು. ಇದಕ್ಕೆ ನಾಲ್ಕು ಆಳು ಎರಡು ದಿನ ಹೆಚ್ಚು ದುಡಿಯಬೇಕಾಗಬಹುದು. ಉಳಿಯುವ ಮರದ ಮುಂದೆ ಆ ಕೂಲಿ ಏನೂ ಅಲ್ಲ. ಹಳೆಯ ಮಾಳಿಗೆಯ ಮೇಲೆ ನಿಂತು ಕೆಲಸ ಮಾಡುವವರು ಅಟ್ಟಣಿಗೆ ಕಟ್ಟಿಕೊಳ್ಳದೆ ಹತ್ತಬಾರದು. ಗೋಡೆಯೊಳಗೆ ಹುದುಗಿದ ಜಂತೆಯ ತುದಿ ಲೊಳಲೊಟ್ಟೆಯಾಗಿದ್ದರೆ ಮೇಲಿನಿಂದ ಅದು ತಿಳಿಯುವುದಿಲ್ಲ.

ಇಳಿಸಿದ ಮರವನ್ನು ಅಂದೇ ಕಲ್ಲುಗಳ ಮೇಲೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಜೋಡಿಸಬೇಕು. ಸಾಲಿನ ಮೇಲೆ ಸಾಲು ಇಡುವಾಗ ನಡುವೆ ಎರಡೆರಡು ಅಡಿಗೊಂದು ತೆಳು ರೀಪು ಇಟ್ಟರೆ ಗಾಳಿಯಾಡುತ್ತದೆ. ಮೇಲೆ ಒಂದು ತಗಡು ಸಾಕು. ಹೀಗೆ ಒಟ್ಟುವಾಗಲೇ ಜಾತಿವಾರು ಬೇರೆ ಮಾಡಿಕೊಂಡರೆ ಮುಂದಿನ ಕೆಲಸ ಸುಲಭ.

ಇನ್ನೊಂದು ವಿಷಯ. ಕೆಡವುವ ಮುನ್ನ ಒಳಗಿನ ತೊಲೆ ಕಂಬಗಳು ಕಾಣುವಂತೆ ಮನೆಯ ಫೋಟೋ ತೆಗೆದಿಟ್ಟುಕೊಳ್ಳಿ. ತೇಗ, ಬೀಟೆ, ಹೊನ್ನೆಯಂಥ ಮರವನ್ನು ಊರಿನಿಂದ ಹೊರಗೆ, ಸಾಮಿಲ್ಲಿಗೆ ಸಾಗಿಸುವುದಾದರೂ ಸರಿ, ರಹದಾರಿ ಬೇಕೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ 'ಇದು ನಮ್ಮ ತಾತನ ಮನೆಯದು' ಎಂದರೆ ಸಾಲದು.

ಯಾವ ಮರ, ಯಾವ ಕೆಲಸ

ಹೊಗೆ, ಧೂಳು, ಸುಣ್ಣ ಮೆತ್ತಿದ ಹಳೆಯ ಮರವನ್ನು ಹೊರಗಿನಿಂದ ಗುರುತಿಸುವುದು ಸುಲಭವಲ್ಲ. ಒಂದು ಮೂಲೆಯಲ್ಲಿ ಬಾಚಿಯಿಂದ ಚಕ್ಕೆ ಎಬ್ಬಿಸಿ ನೋಡಬೇಕು. ಹಲಸು ಹಳದಿಯಾಗಿ ಕಂಡು, ಗಾಳಿ ಬೆಳಕು ತಗುಲಿದಂತೆ ಕಂದಾಗುತ್ತದೆ. ತೇಗಕ್ಕೆ ತನ್ನದೇ ಎಣ್ಣೆಯ ವಾಸನೆಯಿದೆ. ಹೊನ್ನೆಯ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿಟ್ಟು ಬೆಳಕಿಗೆ ಹಿಡಿದರೆ ನೀರಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಗೊತ್ತಾಗದ ಮರವಿದ್ದರೆ ಊರಿನ ಹಿರಿಯ ಬಡಗಿಗಿಂತ ದೊಡ್ಡ ಪರೀಕ್ಷಕರು ಹತ್ತಿರದಲ್ಲಿ ಸಿಗುವುದಿಲ್ಲ. ಅವರಿಗೂ ತಿಳಿಯದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುವ ವ್ಯವಸ್ಥೆಯಿದೆ.

ತೇಗ, ಹೊನ್ನೆ, ಹಲಸುಗಳ ತಿರುಳು ಸಿಕ್ಕಿದರೆ ಮೇಜಿನ ಮೇಲ್ಮೈಗೆ, ಮಂಚದ ಪಟ್ಟಿಗೆ ಅದನ್ನೇ ಇಡಬೇಕು. ಮತ್ತಿ ಬಲವಾದ ಮರ, ಕಾಲುಗಳಿಗೆ ಉತ್ತಮ. ಹಳೆಯ ಎತ್ತಿನ ಗಾಡಿಯಿದ್ದರೆ ಅದನ್ನೂ ಮರೆಯಬೇಡಿ. ಮೂಕಿಗಳು ಉದ್ದವಾದ, ಪೆಟ್ಟು ತಿಂದು ಪಳಗಿದ ಮರ. ಜಾಲಿಯದಾದರೆ ಉಳಿ ಎಗರುವಷ್ಟು ಗಟ್ಟಿ, ಆದರೆ ಒಮ್ಮೆ ಕೂತ ಕಚ್ಚು ಅಲುಗುವುದಿಲ್ಲ. (ಗಾಡಿಯ ಚಕ್ರಕ್ಕೆ ಗಾಜು ಹೊದಿಸಿ ಮೇಜು ಮಾಡುವುದನ್ನು ಪೇಟೆಯ ಹೋಟೆಲುಗಳಲ್ಲಿ ಕಾಣಬಹುದು. ಕಾಲು ಚಾಚಲು ಜಾಗವಿಲ್ಲದ, ಧೂಳು ಒರೆಸಲಾಗದ ಆ ಮೇಜು ರೈತರ ಮನೆಗೆ ಹೇಳಿಸಿದ್ದಲ್ಲ.) ಮಾವು ಹುಳುವಿಗೆ ಬೇಗ ತುತ್ತಾಗುವ ಮರ. ಗಟ್ಟಿ ಇರುವ ಹಲಗೆ ಸಿಕ್ಕಿದರೆ ಗೋಡೆಯ ಗೂಡಿಗೆ, ಪೆಟ್ಟಿಗೆಗೆ ಬಳಸಬಹುದು. ನೆಲ ಮುಟ್ಟುವ ಕಾಲಿಗೆ ಬೇಡ. ನೀಲಗಿರಿಯ ಗಳುಗಳು ತಿರುಚುವ ಸ್ವಭಾವದವು, ಮೊಳೆ ಹೊಡೆದರೆ ಸೀಳುತ್ತವೆ. ಅವನ್ನು ಸೌದೆಗೆ ಕಳುಹಿಸಿದರೂ ನಷ್ಟವಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಸೀಮೆಯ ಮನೆಗಳಲ್ಲಿ ತೆಂಗಿನ ಜಂತೆ ಸಾಮಾನ್ಯ. ತೆಂಗಿಗೆ ಉಳಿದ ಮರಗಳಂತೆ ಉಂಗುರವಿಲ್ಲ, ನಡುವೆ ಗಟ್ಟಿ ತಿರುಳೂ ಇಲ್ಲ. ಲೆಕ್ಕವೇ ತಿರುಗುಮುರುಗು: ಹೊರಭಾಗ ಗಟ್ಟಿ, ಒಳಭಾಗ ಮೆದು. ಬುಡದ ಕಡೆಯ ಹೊರಮೈಯ ಕಪ್ಪು ಎಳೆಯ ಭಾಗವೇ ಶ್ರೇಷ್ಠ. ಒಳಗಿನ ನಾರುನಾರಾದ ಭಾಗವನ್ನು ಕೆತ್ತಿ ತೆಗೆದು ಉಳಿದುದನ್ನು ಬೆಂಚಿನ ಪಟ್ಟಿಗೆ, ಮಂಚದ ಅಡ್ಡಪಟ್ಟಿಗೆ ಉಪಯೋಗಿಸಬಹುದು. ಗರಗಸದ ಹಲ್ಲನ್ನು ಅದು ಬೇಗ ಮೊಂಡು ಮಾಡುತ್ತದೆ, ಅರ ಪಕ್ಕದಲ್ಲೇ ಇರಲಿ.

ಕೆತ್ತನೆಯ ಕಂಬ, ಬೋದಿಗೆ, ಮುಂಬಾಗಿಲ ಚೌಕಟ್ಟುಗಳನ್ನು ದಯವಿಟ್ಟು ಕೊಯ್ಯಬೇಡಿ. ಹೊಸ ಮನೆಯ ಜಗುಲಿಗೆ ಅವನ್ನು ಹಾಗೆಯೇ ನಿಲ್ಲಿಸಬಹುದು. ಮಾರುವುದೇ ಆದರೂ ರಾಶಿಯಿಂದ ಬೇರೆ ಮಾಡಿ, ಒಂದೊಂದಕ್ಕೆ ಬೆಲೆ ಕೇಳಿ ಮಾರಬೇಕು. ನಮ್ಮ ಮನೆಯ ಹೊಸ್ತಿಲು ಒಳ್ಳೆಯ ಹೊನ್ನೆಯದು, ನಾಲ್ಕು ಅಂಗುಲ ದಪ್ಪ. ಬೆಂಚಿಗೆ ಸರಿಯಾಗುತ್ತದೆಂದು ನಾನು ಅಳತೆ ಹಿಡಿದಾಗ ನಮ್ಮ ತಾಯಿಯವರು ಬಂದು, "ಅರಿಶಿನ ಕುಂಕುಮ ಇಟ್ಟು ಕೈ ಮುಗಿದ ಹೊಸ್ತಿಲು ಕಣಪ್ಪ, ಅದರ ಮೇಲೆ ಕೂರೋದೇ?" ಎಂದರು. ಅದು ಈಗ ದೇವರ ಕೋಣೆಯಲ್ಲಿ ದೀಪದ ಹಲಗೆಯಾಗಿದೆ.

ಕೊಳೆತದ್ದು, ಹುಳು ಬಿದ್ದದ್ದು, ವಿಷ ಕುಡಿದದ್ದು

ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮೊದಲು ನೋಡಬೇಕು. ಸುತ್ತಿಗೆಯಿಂದ ತಟ್ಟುತ್ತಾ ಬಂದರೆ ಗಟ್ಟಿ ಮರ ಟಣ್ಣೆನ್ನುತ್ತದೆ, ಟೊಳ್ಳು ಮರ ದಬದಬ ಎನ್ನುತ್ತದೆ. ಸದ್ದು ಬದಲಾದ ಜಾಗದಿಂದ ಇನ್ನೂ ಅರ್ಧ ಅಡಿ ಒಳಕ್ಕೆ ಕತ್ತರಿಸಿ ಹಾಕಿ. ಸಾಮಾನ್ಯವಾಗಿ ಎರಡೂ ಕಡೆ ಒಂದೊಂದೂವರೆ ಅಡಿ ಹೋಗುತ್ತದೆ. ಅದಕ್ಕೆ ಮರುಗಬೇಕಾಗಿಲ್ಲ, ಬಚ್ಚಲ ಒಲೆಗೆ ಆಗುತ್ತದೆ.

ಸಾಸಿವೆ ಗಾತ್ರದ ತೂತುಗಳು, ಹಿಟ್ಟಿನಂಥ ಪುಡಿ ಕಂಡರೆ ಅದು ಮರ ಕೊರೆಯುವ ದುಂಬಿಯ ಕೆಲಸ. ಈ ಹುಳು ಹೆಚ್ಚಾಗಿ ತೊಗಟೆಯ ಕೆಳಗಿನ ಬಿಳಿಮರದಲ್ಲಿ ಇರುತ್ತದೆ, ಏಕೆಂದರೆ ಅದರ ಆಹಾರವಾದ ಪಿಷ್ಟ ಅಲ್ಲಿದೆ. ಆದ್ದರಿಂದ ಬಾಚಿಯಿಂದ ಬಿಳಿಮರವನ್ನು ಪೂರ್ತಿ ಕೆತ್ತಿ ಸುಟ್ಟುಬಿಡುವುದೇ ಮೊದಲ ಮದ್ದು, ಬಹುಪಾಲು ಕಡೆಯ ಮದ್ದೂ ಅದೇ. ಹುಳು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಹಲಗೆಯನ್ನು ಸ್ವಚ್ಛವಾಗಿ ಒರೆಸಿ, ಕೆಳಗೆ ಒಂದು ಕಾಗದ ಹಾಸಿ ಹದಿನೈದು ದಿನ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಇದೆ. ತೂತಿನ ಒಳಗೋಡೆ ಕಪ್ಪಾಗಿದ್ದು ಪುಡಿ ಬೀಳದಿದ್ದರೆ ಹಳೆಯ ಕಥೆ. ಪುಡಿ ಬೀಳದೆ ಇರುವುದಕ್ಕೆ ಚಳಿಗಾಲವೂ ಕಾರಣವಾಗಬಹುದು, ಆದ್ದರಿಂದ ಬೇಸಿಗೆಯಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಕೆತ್ತಿದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿಯಬಹುದು. ಹತ್ತು ಲೀಟರ್ ಬಿಸಿ ನೀರಿನಲ್ಲಿ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕುಂಚದಿಂದ ಎರಡು ಮೂರು ಸಲ, ಮರ ಹೀರುವಷ್ಟು ಬಳಿದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಕೈಗವಸು ತೊಡಬೇಕು. ದ್ರಾವಣವನ್ನು ಮಕ್ಕಳು, ದನಕರುಗಳಿಂದ ದೂರವಿಡಬೇಕು. ನೀರು ಬಿದ್ದರೆ ಇದು ತೊಳೆದು ಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ ಪ್ರಯೋಜನ. ಹಿಟ್ಟು ಕಲಸುವ, ತರಕಾರಿ ಹೆಚ್ಚುವ ಹಲಗೆಗೆ ಬಳಿಯಬಾರದು.

ಹುಳುವಿಗಿಂತ ನನಗೆ ಹೆಚ್ಚು ಭಯ ಹಳೆಯ ಔಷಧಿಗಳದು. ಒಂದು ಕಾಲದಲ್ಲಿ ಗೆದ್ದಲಿಗೆಂದು ಬಿ.ಎಚ್.ಸಿ. ಪುಡಿಯನ್ನು ಮನೆಯ ಮರಕ್ಕೂ ಗೋಡೆಯ ಸಂದಿಗೂ ಧಾರಾಳವಾಗಿ ಉದುರಿಸುತ್ತಿದ್ದರು. ಅದು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧವಾಯಿತು. ಆದರೆ ಬೇಗ ನಶಿಸದ ವಸ್ತುವಾದ್ದರಿಂದ ಹಳೆಯ ಮರದಲ್ಲಿ ಉಳಿದಿರುವ ಸಂಭವವಿದೆ. ಬೆಳೆಗೆ ಸಿಂಪಡಿಸುವ ಔಷಧಿಯ ಡಬ್ಬಿಗಳನ್ನು ಇಡುತ್ತಿದ್ದ ಅಟ್ಟದ ಹಲಗೆಯೂ ಹಾಗೆಯೇ. ಹೀಗೆ ಬಳಸಿದ್ದು ಮನೆಯ ಹಿರಿಯರಿಗೆ ನೆನಪಿದ್ದರೆ ಆ ಮರವನ್ನು ಮಂಚ, ತೊಟ್ಟಿಲು, ಊಟದ ಮೇಜು, ಕಾಳಿನ ಪೆಟ್ಟಿಗೆಗಳಿಗೆ ಬಳಸಲೇಬಾರದು; ಒಲೆಗೂ ಹಾಕಬಾರದು. ಬಣ್ಣ ಬಳಿದ ಹಳೆಯ ಬಾಗಿಲು ಕಿಟಕಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸುವುದು, ಸುಟ್ಟು ತೆಗೆಯುವುದು ಎರಡೂ ಕೆಟ್ಟದ್ದು. ನೀರು ಹಚ್ಚಿ ಒದ್ದೆ ಮಾಡಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳಿಲ್ಲದ ಕಡೆ ಕೆರೆದು, ಬಿದ್ದ ಚೂರನ್ನೆಲ್ಲ ಒಟ್ಟುಗೂಡಿಸಬೇಕು.

ಅಡಿಗೆ ಮನೆಯ ಮೇಲಿನ ಮಸಿ ಹಿಡಿದ ಜಂತೆಗಳನ್ನು ಕಂಡು ಹೇಸಬೇಡಿ. ಹೊಗೆ ಕುಡಿದ ಮರಕ್ಕೆ ಹುಳು ಬೀಳುವುದು ಕಡಿಮೆ. ಸೋಡಾ ಕಲಸಿದ ಬಿಸಿ ನೀರಿನಿಂದ ತೆಂಗಿನ ನಾರಿನಲ್ಲಿ ಉಜ್ಜಿದರೆ ಮಸಿ ಬಿಡುತ್ತದೆ.

ಮೊಳೆ ಕೀಳದೆ ಗರಗಸ ಹಿಡಿಯಬೇಡಿ

ಹಳೆಯ ಮರವೆಂದರೆ ಸಾಮಿಲ್ಲಿನವರು ಮುಖ ತಿರುಗಿಸುತ್ತಾರೆ. ಅವರ ತಪ್ಪಲ್ಲ, ಒಂದು ಮೊಳೆ ಸಿಕ್ಕಿದರೆ ಗರಗಸದ ಪಟ್ಟಿ ಹಾಳು, ತುಂಡು ಹಾರಿದರೆ ಆಳಿಗೂ ಅಪಾಯ. ನಮ್ಮೂರಿನ ಆಚಾರಿಯವರು ನನ್ನ ಮಾತು ನಂಬಿ ಒಂದು ಜಂತೆಗೆ ಗರಗಸ ಹಾಕಿ ಮೂರು ಹಲ್ಲು ಮುರಿದುಕೊಂಡರು. "ಮೊಳೆ ಎಲ್ಲಾ ಕಿತ್ತಿದೀನಿ ಅಂದ್ರಲ್ಲ ಸ್ವಾಮಿ, ಕಣ್ಣಿಗೆ ಕಂಡಿದ್ದು ಕಿತ್ತಿದೀರಿ ಅಷ್ಟೆ" ಎಂದರು. ತಲೆ ಮುರಿದು ಒಳಗೇ ಉಳಿದ ಮೊಳೆ ಅದು. ಅಂದಿನಿಂದ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ, ಮರದ ನಾಲ್ಕೂ ಮುಖಗಳ ಮೇಲೆ ನಿಧಾನವಾಗಿ ಎಳೆಯುತ್ತೇವೆ. ಅದು ತುಯ್ದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಸುತ್ತ ಉಳಿಯಿಂದ ಸ್ವಲ್ಪ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಬಾರದಿದ್ದರೆ ಅಷ್ಟು ತುಂಡನ್ನು ಕತ್ತರಿಸಿ ತೆಗೆಯುವುದೇ ಮೇಲು. ಹಳೆಯ ಕಾಲದ, ಕಮ್ಮಾರರು ಬಡಿದ ಚೌಕ ಮೊಳೆಗಳು ಸಿಕ್ಕಿದರೆ ನೆಟ್ಟಗೆ ಮಾಡಿ ಎತ್ತಿಡಿ. ಮೊಳೆಯ ಸುತ್ತ ಮರ ಕಪ್ಪಾಗಿರುವುದು ಮರದ ಒಗರಿಗೂ ಕಬ್ಬಿಣಕ್ಕೂ ಆದ ಬಣ್ಣ. ಅದು ಕೊಳೆಯಲ್ಲ.

ಮೊದಲು ಒಂದು ಬೆಂಚು

ಕೈ ಪಳಗಲು ಬೆಂಚಿನಷ್ಟು ಒಳ್ಳೆಯದು ಬೇರೆಯಿಲ್ಲ. ರಾಗಿ ಕಣ ಮುಗಿದ ಮೇಲೆ ಯುಗಾದಿಯವರೆಗಿನ ಒಣ ದಿನಗಳು ಇದಕ್ಕೆ ಸರಿಯಾದ ಕಾಲ. ಗರಗಸ, ಬಾಚಿ, ತೋಪಡ, ಒಂದು ಅಂಗುಲದ ಉಳಿ, ಕೊಡತಿ, ಬೈರಿಗೆ, ಮೂಲೆಮಟ್ಟ ಇಷ್ಟಿದ್ದರೆ ಸಾಕು. ಕಚ್ಚುಗಳ ಕೆಲಸಕ್ಕೆ ಧೈರ್ಯ ಸಾಲದಿದ್ದರೆ ಆಚಾರಿಯವರನ್ನು ಒಂದು ದಿನ ಕರೆಸಿ ಗುರುತು ಹಾಕಿಸಿಕೊಂಡು, ಒಂದು ಕಾಲಿನ ಕೆಲಸವನ್ನು ಅವರ ಕೈಯಲ್ಲಿ ಮಾಡಿಸಿ ನೋಡಿ ಕಲಿಯಬೇಕು. ಅವರ ದಿನಗೂಲಿ ಉಳಿಸಲು ಹೋಗಿ ಒಳ್ಳೆಯ ತೊಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಅಳತೆ ಹೀಗಿದೆ. ಕೂರುವ ಭಾಗಕ್ಕೆ 5 ಅಡಿ ಉದ್ದ, 7 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಎರಡು ಹಲಗೆ. ಕಾಲಿಗೆ 3 ಅಂಗುಲ ಚೌಕದ, ಹದಿನಾರೂವರೆ ಅಂಗುಲ ಉದ್ದದ ನಾಲ್ಕು ತುಂಡು. ಹಲಗೆಯ ದಪ್ಪ ಸೇರಿ ನೆಲದಿಂದ 18 ಅಂಗುಲ (ಸುಮಾರು 45 ಸೆಂ.ಮೀ.) ಎತ್ತರವಾಗುತ್ತದೆ. ಜೊತೆಗೆ 2 ಅಂಗುಲ ದಪ್ಪ, 4 ಅಂಗುಲ ಅಗಲ, 11 ಅಂಗುಲ ಉದ್ದದ ನಾಲ್ಕು ಅಡ್ಡಪಟ್ಟಿ ಮತ್ತು 4 ಅಡಿ 1 ಅಂಗುಲ ಉದ್ದದ ಒಂದು ನೀಳಪಟ್ಟಿ ಬೇಕು.

ಅಡ್ಡಪಟ್ಟಿಯ ಎರಡೂ ತುದಿಗಳನ್ನು 2 ಅಂಗುಲ ಉದ್ದಕ್ಕೆ, ಒಂದು ಅಂಗುಲ ದಪ್ಪ ಉಳಿಯುವಂತೆ ನಾಲಿಗೆಯ ಆಕಾರದಲ್ಲಿ ಕೆತ್ತಬೇಕು. ಕಾಲಿನಲ್ಲಿ ಅದೇ ಅಳತೆಯ ರಂಧ್ರ ಕೊರೆಯಬೇಕು. ಮೇಲಿನ ಅಡ್ಡಪಟ್ಟಿ ಕಾಲಿನ ತಲೆಗೆ ಸಮನಾಗಿ ಕೂರಬೇಕು. ಆದರೆ ರಂಧ್ರ ಮಾತ್ರ ಕಾಲಿನ ತುದಿಗೆ ಒಂದು ಅಂಗುಲ ಬಿಟ್ಟು ಕೆಳಗಿನಿಂದ ಆರಂಭವಾಗಬೇಕು, ಇಲ್ಲವಾದರೆ ಕಾಲು ಸೀಳುತ್ತದೆ. ನಾಲಿಗೆಯ ಮೇಲಂಚನ್ನು ಅಷ್ಟೇ ಕತ್ತರಿಸಿಕೊಳ್ಳಿ. ಕೆಳಗಿನ ಅಡ್ಡಪಟ್ಟಿ ನೆಲದಿಂದ 4 ಅಂಗುಲ ಮೇಲಿರಲಿ. ಹೀಗೆ ಎರಡೆರಡು ಕಾಲು ಸೇರಿ 13 ಅಂಗುಲ ಅಗಲದ ಎರಡು ಚೌಕಟ್ಟುಗಳಾಗುತ್ತವೆ. ನಾಲಿಗೆ ರಂಧ್ರದೊಳಗೆ ಕೊಡತಿಯ ಪೆಟ್ಟಿಗೆ ಬಿಗಿಯಾಗಿ ಹೋಗಬೇಕು. ಕೈಯಲ್ಲಿ ತಳ್ಳಿದರೆ ಹೋಗುವಂತಿದ್ದರೆ ಅದು ಸಡಿಲ, ಸುತ್ತಿಗೆ ಬೇಕಾದರೆ ಅತಿ ಬಿಗಿ.

ಎರಡು ಚೌಕಟ್ಟುಗಳನ್ನು ಹೊರಗಿಂದ ಹೊರಗೆ 44 ಅಂಗುಲ ಅಂತರದಲ್ಲಿ ನಿಲ್ಲಿಸಿ, ಕೆಳಗಿನ ಅಡ್ಡಪಟ್ಟಿಗಳ ನಡುವೆ ತೂತು ಮಾಡಿ ನೀಳಪಟ್ಟಿಯ ತುದಿಗಳನ್ನು ಆಚೆಗೆ ಮೂರು ಅಂಗುಲ ತೂರಿಸಿ, ಹೊರಬಂದ ನಾಲಿಗೆಗೆ ಮರದ ಬೆಣೆ ಬಡಿಯಬೇಕು. ಇದಕ್ಕೆ ಅಂಟೂ ಬೇಡ, ಮೊಳೆಯೂ ಬೇಡ. ಬೇಸಿಗೆಯಲ್ಲಿ ಸಡಿಲಾದರೆ ಬೆಣೆಗೆ ಒಂದು ಪೆಟ್ಟು ಸಾಕು. ಬೆಂಚು ಬೇರೆ ಕಡೆಗೆ ಸಾಗಿಸಬೇಕಾದರೆ ಬೆಣೆ ಕಿತ್ತು ಬಿಚ್ಚಬಹುದು.

ಕೂರುವ ಹಲಗೆಗಳ ನಡುವೆ ಕಾಲು ಅಂಗುಲ ಸಂದು ಬಿಡಿ. ಮಳೆಗಾಲದಲ್ಲಿ ಹಲಗೆ ತುಸು ಹಿಗ್ಗುತ್ತದೆ. ಹಲಗೆಯನ್ನು ಚೌಕಟ್ಟಿಗೆ ಬಲಿತ ಬಿದಿರಿನ ಅರ್ಧ ಅಂಗುಲದ ಗೂಟಗಳಿಂದ ಸೇರಿಸಬೇಕು: ಒಂದು ಗೂಟ ಕಾಲಿನ ತಲೆಗೆ, ಇನ್ನೊಂದು ಅಡ್ಡಪಟ್ಟಿಗೆ. ಎರಡೂ ಹಲಗೆಯ ನಡುಭಾಗದಲ್ಲಿ, ಒಂದಕ್ಕೊಂದು ಮೂರು ಅಂಗುಲದೊಳಗೆ ಇರಲಿ. ಅಂಚಿನಲ್ಲಿ ಗೂಟ ಹೊಡೆದು ಬಿಗಿದರೆ ಹಿಗ್ಗಲು ಕುಗ್ಗಲು ಜಾಗವಿಲ್ಲದೆ ಹಲಗೆ ನಡುವೆ ಸೀಳು ಬಿಡುತ್ತದೆ. ನಮ್ಮ ಮೊದಲ ಬೆಂಚಿನಲ್ಲಿ ಆ ಸೀಳು ಈಗಲೂ ಇದೆ.

ಮೇಜೂ ಇದೇ ಕ್ರಮ, ಎತ್ತರ ಮಾತ್ರ 30 ಅಂಗುಲ (ಸುಮಾರು 75 ಸೆಂ.ಮೀ.). ಮಂಚಕ್ಕೆ ಉದ್ದದ ಪಟ್ಟಿಗಳು ನೆಟ್ಟಗಿರುವ ಮರದವೇ ಆಗಬೇಕು, ಗಂಟುಗಳು ನಡುವೆ ಬರಬಾರದು. ಮೇಲೆ ಹಲಗೆಗೆ ಬದಲು ನವಾರು ಅಥವಾ ಹಗ್ಗ ಹೆಣೆದರೆ ಬೇಸಿಗೆಯಲ್ಲಿ ತಂಪು, ಮರವೂ ಕಡಿಮೆ ಸಾಕು. ಹಳೆಯ ಮರದ ಉಳಿಯ ಗುರುತು, ಮೊಳೆಯ ಕಪ್ಪು ಚುಕ್ಕೆ ಇವುಗಳನ್ನೆಲ್ಲ ತೋಪಡ ಹಾಕಿ ಅಳಿಸಬೇಕೆಂಬ ಹಟ ಬೇಡ. ಮೈಗೆ ಸಿಬಿರು ಚುಚ್ಚದಂತೆ ಅಂಚುಗಳನ್ನು ಮಳ್ಳು ಮಾಡಿ ಮರಳು ಕಾಗದದಲ್ಲಿ ಉಜ್ಜಿದರೆ ಸಾಕು.

ಎಣ್ಣೆ

ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬಳಿಯಬೇಡಿ. ಅವು ಒಣಗುವುದಿಲ್ಲ, ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತವೆ. ಜಂತೆಗೆ ಬಳಿಯುವ ಎಂಜಿನ್ನಿನ ಸುಟ್ಟ ಎಣ್ಣೆಯಂತೂ ಕೂರುವ, ಮಲಗುವ ಸಾಮಾನಿಗೆ ಸಲ್ಲದು. ಅದು ಮೈಗೆ ಕೆಟ್ಟದ್ದು. ಅಗಸೆ ಎಣ್ಣೆ ಗಾಳಿಯಲ್ಲಿ ಗಟ್ಟಿಯಾಗಿ ಒಣಗುವ ಗುಣದ್ದು. ಬಣ್ಣದ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆಗೆ ಮೊದಲ ಸಲ ಸಮಭಾಗ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೀಡಿ, ಅರ್ಧ ಗಂಟೆಯ ನಂತರ ಮೇಲೆ ನಿಂತ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಎರಡು ದಿನ ಬಿಟ್ಟು ಇನ್ನೊಂದು ಸಲ, ವಾರ ಬಿಟ್ಟು ಮತ್ತೊಂದು ಸಲ ಬೆರಕೆಯಿಲ್ಲದೆ ತೆಳ್ಳಗೆ ಹಚ್ಚಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆ, ಕೊಬ್ಬರಿ ಅಟ್ಟ ಇರುವ ಮನೆಗಳಲ್ಲಿ ಇದನ್ನು ಹಗುರವಾಗಿ ಕಾಣಬಾರದು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರವಿ ಒಣಗಿಸಿ, ಆಮೇಲೆ ವಿಲೇವಾರಿ ಮಾಡಿ.

ಜಗುಲಿಯಲ್ಲಿಡುವ ಬೆಂಚಿನ ಕಾಲುಗಳ ಕೆಳಗೆ ಒಂದೊಂದು ಚಪ್ಪಟೆ ಕಲ್ಲು ಕೊಟ್ಟರೆ ನೆಲದ ತೇವ ಏರುವುದಿಲ್ಲ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಸಾರಿಸುವ ದಿನಗಳಲ್ಲಿ, ಬೆಂಚನ್ನು ತಲೆಕೆಳಗು ಮಾಡಿ ಹೊಸ ತೂತು, ಪುಡಿ, ಗೆದ್ದಲ ಮಣ್ಣಿನ ದಾರಿ ಇವೆಯೇ ಎಂದು ನೋಡಿ, ಬೆಣೆಗಳಿಗೆ ಒಂದೊಂದು ಪೆಟ್ಟು ಹಾಕಿ, ಒಂದು ಕೈ ಎಣ್ಣೆ ತೀಡಿ ಇಡಬೇಕು.